ವೇಬ್ರಿಡ್ಜಿನ ಮೂರು ಚೀಟಿ: ಒಂದು ವ್ಯಾನನ್ನು ಮನೆ ಮಾಡಿದ ಲೆಕ್ಕ

ನಮ್ಮ ವ್ಯಾನಿನ ಫೈಲಿನಲ್ಲಿ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿಗಳ ಜೊತೆ ಅಕ್ಕಿ ಗಿರಣಿಯ ವೇಬ್ರಿಡ್ಜಿನ, ಅಂದರೆ ಲಾರಿ ತೂಗುವ ತಕ್ಕಡಿಯ, ಮೂರು ಚೀಟಿಗಳೂ ಇವೆ. ಮೊದಲನೆಯದು ಏಪ್ರಿಲಿನದು. ಎರಡನೆಯದು ಜೂನಿನದು, ಅದರ ಮೇಲೆ ಮಳೆ ಬಿದ್ದು ಶಾಯಿ ಸ್ವಲ್ಪ ಹರಡಿದೆ. ಮೂರನೆಯದು ಆಗಸ್ಟಿನದು. ಕೆಲಸದ ಫೋಟೋ ಕೇಳಿದವರಿಗೆ ನಾನು ಮೊದಲು ಇವನ್ನೇ ತೋರಿಸುತ್ತೇನೆ. ಯಾರಿಗೂ ಅಷ್ಟು ಖುಷಿಯಾಗುವುದಿಲ್ಲ. ಅವರಿಗೆ ಬೇಕಾದದ್ದು ಹಳದಿ ಬೆಳಕಿನ ಸರ, ಮರದ ಗೋಡೆ, ಕಿಟಕಿಯಲ್ಲಿ ಕಾಫಿ ಲೋಟ. ಅದೂ ಇದೆ. ಅದು ಎರಡು ದಿನದ ಕೆಲಸ.

ನಮ್ಮ ಊರು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಕಡೆ. ಇವರದು ಅಡಿಕೆ ತೋಟ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಹತ್ತು ವರ್ಷ ಯುಪಿಎಸ್ ಸರ್ವಿಸ್ ಅಂಗಡಿಯಲ್ಲಿ ಕೆಲಸ ಮಾಡಿದವಳು. ಮಗ ಹಾಸ್ಟೆಲ್ ಸೇರಿದ ಮೇಲೆ ವರ್ಷಕ್ಕೆ ಒಂದೆರಡು ತಿಂಗಳು ನಮಗೆ ಬಿಡುವು. ಲಾಡ್ಜು ಬುಕ್ ಮಾಡಿಕೊಂಡು ಓಡುವ ಪ್ರವಾಸ ಇಬ್ಬರಿಗೂ ಸಾಕಾಗಿತ್ತು. ಅತ್ತೆ ಮಾತ್ರ ಕೊನೆಯವರೆಗೂ ಒಂದೇ ಪ್ರಶ್ನೆ ಕೇಳಿದರು: "ಇಷ್ಟು ದೊಡ್ಡ ಮನೆ ಬಿಟ್ಟು ವ್ಯಾನಿನಲ್ಲಿ ಮಲಗೋಕೆ ನಿಮಗೇನು ಬಂದಿದೆ?"

ಮೊದಲು ಯೋಚಿಸಿದ್ದು ಮಾರುತಿ ಈಕೋ. ಅಗ್ಗ, ಎಲ್ಲ ಊರಿನಲ್ಲೂ ರಿಪೇರಿ ಆಗುತ್ತದೆ. ಆದರೆ ಒಳಗೆ ನಿಲ್ಲೋಕೆ ಆಗಲ್ಲ, ಮಳೆಗಾಲದಲ್ಲಿ ಬಗ್ಗಿಕೊಂಡೇ ಬಟ್ಟೆ ಬದಲಾಯಿಸಬೇಕು. ಫೋರ್ಸ್ ಟ್ರಾವೆಲರ್ ನೋಡಿದೆವು. ಗಟ್ಟಿ ಗಾಡಿ, ಆದರೆ ನಮಗೆ ಸಿಕ್ಕಿದ್ದೆಲ್ಲ ಹಳದಿ ಬೋರ್ಡಿನವು. ಹಳದಿಯಿಂದ ಬಿಳಿಗೆ ಬದಲಾಯಿಸಲು ಪರ್ಮಿಟ್ ಒಪ್ಪಿಸುವುದು, ತೆರಿಗೆ ವ್ಯತ್ಯಾಸ ಕಟ್ಟುವುದು ಎಂದು ಓಡಾಟ ಬಹಳ. ಕೊನೆಗೆ ಸಿಕ್ಕಿದ್ದು 2014ರ ಟಾಟಾ ವಿಂಗರ್. ಬಿಳಿ ಬೋರ್ಡು, ಎಸಿ ಇಲ್ಲ, ಎತ್ತರದ ಟಾಪು, 3200 ಮಿಲಿಮೀಟರ್ ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ). ಒಂದು ಖಾಸಗಿ ಸಂಸ್ಥೆ ತನ್ನ ಕೆಲಸದವರಿಗೆ ಇಟ್ಟುಕೊಂಡಿತ್ತು. ಆರ್‌ಸಿಯಲ್ಲಿ 'ಓಮ್ನಿ ಬಸ್, ಖಾಸಗಿ ಬಳಕೆ' ಎಂದಿತ್ತು. 3,40,000 ರೂಪಾಯಿ ಕೊಟ್ಟೆವು.

ವಿಂಗರಿನ ಒಂದು ಗುಣ ತುಂಬಾ ಜನಕ್ಕೆ ಗೊತ್ತಿಲ್ಲ. ಇದು ಫ್ರಾನ್ಸಿನ ರೆನೋ ಟ್ರಾಫಿಕ್ ವ್ಯಾನಿನ ವಿನ್ಯಾಸದಿಂದ ಬಂದದ್ದು. ಇಂಜಿನ್ ಎಳೆಯುವುದು ಮುಂದಿನ ಚಕ್ರವನ್ನು. ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ. ಅದಕ್ಕೇ ನೆಲ ಇಷ್ಟು ತಗ್ಗು, ಹತ್ತಿ ಇಳಿಯೋಕೆ ಸಲೀಸು. ಕೊಳ್ಳುವಾಗ ನಾವು ಹಿಗ್ಗಿದ್ದು ಇದಕ್ಕೇ. ಎರಡು ತಿಂಗಳಾದ ಮೇಲೆ ಒಂದು ಘಾಟಿಯಲ್ಲಿ ಅತ್ತಿದ್ದೂ ಇದಕ್ಕೇ. ಆ ಕತೆ ಆಮೇಲೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿತು. ಟಾಪು ಕತ್ತರಿಸಿ ಎತ್ತರಿಸುವುದು, ಬಾಡಿ ಉದ್ದ ಮಾಡುವುದು, ಗೋಡೆಗೆ ಹೊಸ ಕಿಟಕಿ ಕೊರೆಯುವುದು ಬೇಡವೇ ಬೇಡ. ಸೀಟಿನ ಸಂಖ್ಯೆಯೂ ಆರ್‌ಸಿಯಲ್ಲಿ ಇರುತ್ತದೆ, ಹಾಗಾಗಿ ಸೀಟು ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಅರ್ಜಿ ಕೊಟ್ಟು, ಗಾಡಿ ತೋರಿಸಿದೆವು. ಮುಂದಿನ ಎರಡು ಸೀಟು, ಅದರ ಹಿಂದಿನ ಸಾಲಿನ ಎರಡು ಸೀಟು ಉಳಿಸಿಕೊಂಡೆವು. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿದೆವು. ಇನ್ನು ನಮ್ಮದೇ ಒಂದು ನಿಯಮ: ಬಾಡಿಗೆ ಹೊಸ ತೂತು ಒಂದೂ ಬೇಡ. ಏನೇ ಕೂರಿಸಿದರೂ ಸೀಟು ಕೂತಿದ್ದ ಹಳೇ ಬೋಲ್ಟಿನ ಜಾಗಕ್ಕೆ ಕೂರಿಸಬೇಕು. ಬಿಚ್ಚಿದರೆ ಮತ್ತೆ ಮೊದಲಿನ ವ್ಯಾನ್ ಆಗಬೇಕು.

ಮಾರ್ಚಿನಲ್ಲಿ ಅಡಿಕೆ ಕೆಲಸ ಮುಗಿದು ಅಂಗಳ ಖಾಲಿಯಾಯಿತು. ವ್ಯಾನು ಅಲ್ಲಿಗೆ ಬಂತು.

ಸೀಟು ಬಿಚ್ಚಿದ್ದು ಒಂದು ಭಾನುವಾರ. ಬೋಲ್ಟುಗಳು ತುಕ್ಕು ಹಿಡಿದು ಅಂಟಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೂ ಎರಡು ಬೋಲ್ಟು ತಲೆ ಮುರಿದವು. ರಬ್ಬರ್ ಮ್ಯಾಟಿನ ಕೆಳಗೆ ಶೇಂಗಾ ಸಿಪ್ಪೆ, ಹದಿನೇಳು ರೂಪಾಯಿ ಚಿಲ್ಲರೆ, ಎಂಟು ಹೇರ್‌ಪಿನ್, ಒಂದು ಬೆಳ್ಳಿಯ ಗೆಜ್ಜೆ. ಅದರ ಕೆಳಗೆ ತುಕ್ಕು. ವ್ಯಾನನ್ನು ವಾರಕ್ಕೊಮ್ಮೆ ನೀರು ಹಾಕಿ ಒರೆಸಿ, ಮ್ಯಾಟು ಎತ್ತದೆ ಹಾಗೇ ಬಿಟ್ಟರೆ ಇನ್ನೇನಾಗುತ್ತದೆ? ಎರಡು ಕಡೆ ಸ್ಕ್ರೂಡ್ರೈವರ್ ಒತ್ತಿದರೆ ತಗಡಿನ ಒಳಗೇ ಹೋಯಿತು. ವಿಂಗರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಇಂಥ ಗಾಡಿಯಲ್ಲಿ ನೆಲದ ತುಕ್ಕನ್ನು ಪೇಂಟ್ ಹೊಡೆದು ಮುಚ್ಚಬಾರದು. ವೆಲ್ಡಿಂಗ್ ಅಂಗಡಿಯಲ್ಲಿ ಕೊಳೆತ ಭಾಗ ಕತ್ತರಿಸಿ ಅಷ್ಟೇ ದಪ್ಪದ ತಗಡು ಕೂರಿಸಿದರು. ಉಳಿದ ಕಡೆ ನಾವೇ ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಉಜ್ಜಿ, ತುಕ್ಕು ಕನ್ವರ್ಟರ್ ಬಳಿದು, ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಎರಡು ವಾರ ಮೂಗಿನಲ್ಲಿ ಕೆಂಪು ಧೂಳು.

ಮೊದಲ ಚೀಟಿ ಆಗ ತೆಗೆದದ್ದು. ಒಟ್ಟು 1,930 ಕೆಜಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ನೋಡಿದಾಗ 1,080. ಅಂದರೆ ಹಿಂದೆ 850. ಗಿರಣಿ ಹುಡುಗನಿಗೆ ಆಶ್ಚರ್ಯ. ಖಾಲಿ ಗಾಡಿಯನ್ನು ಎರಡೆರಡು ಸಲ ತೂಗಿಸಲು ಯಾರೂ ಬರುವುದಿಲ್ಲವಂತೆ.

ಆಮೇಲೆ ಸೋರಿಕೆ ಹುಡುಕಾಟ. ಮಲೆನಾಡಿನಲ್ಲಿ ಇದನ್ನು ಬಿಟ್ಟು ಮುಂದೆ ಹೋದರೆ ಕೆಟ್ಟೆವು. ಇವರು ತೋಟದ ಪೈಪು ಹಿಡಿದು ಹೊರಗೆ, ನಾನು ಟಾರ್ಚು ಮತ್ತು ಸೀಮೆಸುಣ್ಣ ಹಿಡಿದು ಒಳಗೆ. ಒಂದು ಕಿವಿಮಾತು: ನೀರು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಟಾಪಿನ ಮೇಲೆ ಬಿಟ್ಟರೆ ಎಲ್ಲ ಕಡೆ ನೀರು ಇಳಿಯುತ್ತದೆ, ಎಲ್ಲಿಂದ ಬಂತು ಎಂದು ಗೊತ್ತಾಗುವುದೇ ಇಲ್ಲ. ಒಂದೊಂದು ಜಾಗಕ್ಕೆ ಐದು ನಿಮಿಷ.

"ಬಂತಾ?"

"ಇಲ್ಲ ರೀ, ಇನ್ನೂ ಸ್ವಲ್ಪ ಮೇಲೆ."

"ಈಗ?"

"ಬಂತು ಬಂತು, ನಿಲ್ಸಿ! ನಿಲ್ಸಿ ಅಂದೆ ಅಲ್ವಾ!"

ಹಿಂಬಾಗಿಲಿನ ಎಡಗಡೆ ಮೂಲೆಯಲ್ಲಿ ನೀರು ಬೀಳುತ್ತಿತ್ತು. ಆ ಮೂಲೆಯ ರಬ್ಬರ್ ಬದಲಾಯಿಸಿದೆವು. ನಿಲ್ಲಲಿಲ್ಲ. ಮತ್ತೆ ಪೈಪು ಹಿಡಿದೆವು. ನೀರು ಒಳಬರುತ್ತಿದ್ದದ್ದು ಅಲ್ಲಿಂದ ಮೂರು ಅಡಿ ಮುಂದೆ, ಟಾಪಿನ ಕ್ಯಾರಿಯರ್ ಬೋಲ್ಟಿನ ಪಕ್ಕ. ಒಳಗಿನ ಪಕ್ಕೆಲುಬಿನಂಥ ಪಟ್ಟಿಯ ಮೇಲೆ ಹರಿದುಕೊಂಡು ಬಂದು ಮೂಲೆಯಲ್ಲಿ ಬೀಳುತ್ತಿತ್ತು. ಬಿದ್ದ ಜಾಗವೇ ಸೋರುವ ಜಾಗ ಅಲ್ಲ, ನಮ್ಮ ಹೆಂಚಿನ ಮನೆಯ ಹಾಗೇ. ಆರೂ ಬೋಲ್ಟು ಬಿಚ್ಚಿ, ಹಳೇ ಸೀಲೆಂಟ್ ಕೆರೆದು, ಪಾಲಿಯುರೆಥೇನ್ ಸೀಲೆಂಟ್ ಹಾಕಿ ಮತ್ತೆ ಬಿಗಿದೆವು. ಬಚ್ಚಲಿಗೆ ಬಳಸುವ ಸಾದಾ ಸಿಲಿಕೋನ್ ಇಲ್ಲಿ ಬೇಡ. ಅದು ಪೇಂಟಿನಿಂದ ಬೇಗ ಬಿಟ್ಟುಕೊಳ್ಳುತ್ತದೆ, ಬಿಟ್ಟ ಮೇಲೆ ಆ ಜಾಗಕ್ಕೆ ಬೇರೆ ಯಾವುದೂ ಅಂಟುವುದಿಲ್ಲ.

ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಟಾಪಿನ ಒಳಗಿನ ತಗಡಿಗೆ ಇನ್‌ಫ್ರಾರೆಡ್ ಗನ್ ಹಿಡಿದರೆ 61 ಡಿಗ್ರಿ. ಹೊರಗೆ ಗಾಳಿ 36. ಚಳಿ ದೇಶದವರು ವ್ಯಾನಿಗೆ ಫೋಮ್ ಹಾಕುವುದು ಬೆಚ್ಚಗಿರಲಿ ಎಂದು. ನಮಗೆ ಅದು ಬೇಕಾದದ್ದು ತಲೆ ಮೇಲಿನ ಕಾವಲಿ ತಣ್ಣಗಾಗಲಿ ಎಂದು. 19 ಮಿಲಿಮೀಟರ್ ನೈಟ್ರೈಲ್ ರಬ್ಬರ್ ಫೋಮ್ ಆರಿಸಿದೆವು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಇದೆಯಲ್ಲ, ಅದರದೇ ಹಾಳೆ. ಅದರ ರಂಧ್ರಗಳು ಮುಚ್ಚಿದವು, ನೀರಾವಿ ಹೀರುವುದಿಲ್ಲ. ಗ್ಲಾಸ್‌ವುಲ್ ಅಗ್ಗ, ಆದರೆ ನಮ್ಮ ಕಡೆಯ ತೇವಕ್ಕೆ ಅದು ಒದ್ದೆ ಕಂಬಳಿಯಾಗಿ ತಗಡಿಗೇ ತುಕ್ಕು ತರುತ್ತದೆ.

ಶನಿವಾರ ಬೆಳಿಗ್ಗೆ ರಬ್ಬರ್ ಅಂಟು ಬಳಿದು ಟಾಪಿಗೆ ಪೂರ್ತಿ ಅಂಟಿಸಿದೆವು. ಚೆನ್ನಾಗಿ ಕೂತಿತು. ಊಟ ಮಾಡಿ ಮಲಗಿ ಎದ್ದು ಬಂದು ನೋಡಿದರೆ ಅರ್ಧ ಫೋಮ್ ನೆಲದ ಮೇಲೆ, ಉಳಿದದ್ದು ಹಾವಿನ ಪೊರೆಯಂತೆ ನೇತಾಡುತ್ತಿತ್ತು. ಬಿಸಿಲಿಗೆ ತಗಡು ಕಾದು ಅಂಟು ಕರಗಿತ್ತು. ತಪ್ಪು ನಮ್ಮದೇ, ಡಬ್ಬಿಯ ಮೇಲೆ ಎಷ್ಟು ಬಿಸಿ ತಡೆಯುತ್ತದೆ ಎಂದು ಬರೆದಿತ್ತು, ನಾವು ಓದಿರಲಿಲ್ಲ. ಎರಡನೇ ಸಲ ಹೆಚ್ಚು ಶಾಖ ತಡೆಯುವ ಅಂಟು ತಂದು, ರಾತ್ರಿ ತಂಪಿನಲ್ಲಿ ಅಂಟಿಸಿ, ಮೇಲೆ ಅಡ್ಡಡ್ಡಲಾಗಿ ತೆಳು ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಒತ್ತಿ ಹಿಡಿಸಿದೆವು. ಟಾಪಿನ ಹೊರಗೆ ಬಿಳಿ ಬಣ್ಣ ಮೊದಲೇ ಇತ್ತು, ಅದೃಷ್ಟ. ಈಗ ಅದೇ ಹೊತ್ತಿಗೆ ಒಳ ಮೈ 41 ಡಿಗ್ರಿ.

ಗಾಳಿಗೆ ಟಾಪು ಕೊರೆದು ಫ್ಯಾನ್ ಕೂರಿಸುವ ಹಾಗಿಲ್ಲ. ಆದರೆ ಎಸಿ ಇಲ್ಲದ ವಿಂಗರಿಗೆ ಜಾರುವ ಕಿಟಕಿ ಇದೆ. ಕಿಟಕಿ ಅರ್ಧ ತೆರೆದರೆ ಉಳಿಯುವ ಜಾಗಕ್ಕೆ ಸರಿಯಾಗಿ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆ ಕತ್ತರಿಸಿ, ಅದರಲ್ಲಿ ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನ್ ಎರಡು, ಹಿಂದೆ ಸೊಳ್ಳೆ ಜಾಲರಿ. ಎಡಗಡೆಯದು ಗಾಳಿ ಒಳಗೆ ಎಳೆಯುತ್ತದೆ, ಬಲಗಡೆಯದು ಹೊರಗೆ ದಬ್ಬುತ್ತದೆ. ಎರಡೂ ಸೇರಿ 8 ವಾಟ್. ಇದು ಸೆಖೆಗೆ ಮಾತ್ರ ಅಲ್ಲ. ಇಬ್ಬರು ಮುಚ್ಚಿದ ವ್ಯಾನಿನಲ್ಲಿ ರಾತ್ರಿ ಪೂರ್ತಿ ಉಸಿರಾಡಿದರೆ ಬೆಳಿಗ್ಗೆ ಗಾಜಿನಿಂದ ನೀರು ಇಳಿಯುತ್ತದೆ. ಆ ನೀರು ಹಾಸಿಗೆಯ ಕೆಳಗೆ ಹೋಗಿ ಬೂಷ್ಟು ಹಿಡಿಯುತ್ತದೆ. ಫ್ಯಾನ್ ನಿಲ್ಲಿಸಿದ ಒಂದು ರಾತ್ರಿಯಲ್ಲೇ ನಮಗೆ ಇದು ಗೊತ್ತಾಯಿತು.

ಇಲ್ಲಿಯವರೆಗೆ ನಾವೇ ಜಾಣರು ಅಂದುಕೊಂಡಿದ್ದೆವು. ಮಂಚ ಮತ್ತು ಅಡುಗೆ ಕಟ್ಟೆಗೆ ಬಡಗಿಯನ್ನು ಕರೆದೆವು. ನಮ್ಮ ಮನೆಯ ಕಪಾಟುಗಳನ್ನೆಲ್ಲ ಮಾಡಿದವರು, ಕೈ ಚಿನ್ನ. ಅವರು ಮನೆಗೆ ಮಾಡುವ ಹಾಗೇ ಮಾಡಿದರು. 18 ಮಿಲಿಮೀಟರ್ ಪ್ಲೈವುಡ್ ಆರು ಹಾಳೆ, ಮೇಲೆ ಲ್ಯಾಮಿನೇಟ್, ಮೂರು ಡ್ರಾಯರ್, ಮಂಚದ ಕೆಳಗೆ ಪೆಟ್ಟಿಗೆ. ಹಿಂಬಾಗಿಲಿನ ಪಕ್ಕ 100 ಲೀಟರ್ ನೀರಿನ ಟ್ಯಾಂಕು, ಅದರ ಪಕ್ಕ ಬ್ಯಾಟರಿ, ಸಿಲಿಂಡರ್. ಎಲ್ಲ ಹಿಂದೆ ಇದ್ದರೆ ಕೈಗೆ ಸಿಗುತ್ತದೆ ಅಂತ ನಾನೇ ಹೇಳಿದ್ದು. ನೋಡಲು ಎಷ್ಟು ಚೆಂದ ಇತ್ತೆಂದರೆ ನೆಂಟರೆಲ್ಲ ಬಂದು ಫೋಟೋ ತೆಗೆಸಿಕೊಂಡರು.

ಜೂನ್ ಮೊದಲ ವಾರ ಹೊರಟೆವು. ಸಾಗರ, ಜೋಗ, ಹೊನ್ನಾವರ, ಅಲ್ಲಿಂದ ಕಡಲ ಪಕ್ಕ ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಗುರುತಿನವರ ಮನೆಯ ಅಂಗಳದಲ್ಲಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ಅವರ ಬಾವಿಯಿಂದ ಟ್ಯಾಂಕು ತುಂಬಿಸಿಕೊಂಡು, ಕುಂದಾಪುರ, ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಲು ಶುರು ಮಾಡಿದೆವು. ಮಳೆ ಆಗಲೇ ಹಿಡಿದಿತ್ತು.

ಒಂದು ಹಿಮ್ಮುರಿ ತಿರುವಿನಲ್ಲಿ ಎದುರು ಬಸ್ಸಿಗೆ ಜಾಗ ಕೊಡಲು ಇವರು ನಿಲ್ಲಿಸಿದರು. ಮತ್ತೆ ಎತ್ತಲು ಹೋದರೆ ಗಾಡಿ ಏಳಲಿಲ್ಲ. ಇಂಜಿನ್ ಕೂಗುತ್ತಿದೆ, ಮುಂದಿನ ಚಕ್ರ ಒದ್ದೆ ಎಲೆಗಳ ಮೇಲೆ ಸುಮ್ನೆ ತಿರುಗುತ್ತಿದೆ, ನಾವು ಇದ್ದಲ್ಲೇ ಇದ್ದೇವೆ. ಹ್ಯಾಂಡ್‌ಬ್ರೇಕ್ ಬಿಟ್ಟರೆ ಹಿಂದಕ್ಕೆ. ಮೂರು ಸಲ ಆಯಿತು. ನಾನು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಹಿಂದೆ ಬಂದ ಲಾರಿಯ ಡ್ರೈವರ್ ಇಳಿದು ಒಂದು ಸುತ್ತು ನೋಡಿದರು. ಹಿಂಬಾಗಿಲು ತೆಗೆಸಿದರು.

"ಹಿಂದೆ ಇಷ್ಟು ಹೇರಿದ್ದೀರಲ್ಲ ಸಾರ್, ಇದು ಮುಂದಿಂದ ಎಳೆಯೋ ಗಾಡಿ. ಏರಿನಲ್ಲಿ ಮುಂದಿನ ಚಕ್ರದ ಮೇಲೆ ಏನಿದೆ ಕೂರೋಕೆ?"

ಆ ಮಳೆಯಲ್ಲಿ ಟ್ಯಾಂಕಿನ ನಲ್ಲಿ ಬಿಚ್ಚಿದೆವು. ಮರವಂತೆಯ 100 ಲೀಟರ್ ಬಾವಿ ನೀರು ಬಾಳೆಬರೆಯ ಚರಂಡಿಗೆ ಸೇರಿತು. ಸಿಲಿಂಡರ್, ಟೂಲ್ ಬಾಕ್ಸ್, ಪಾತ್ರೆ ಡಬ್ಬ ಎಲ್ಲ ಹೊತ್ತು ಮುಂದಿನ ಸೀಟಿನ ಕಾಲ ಬುಡಕ್ಕೆ ಇಟ್ಟೆವು. ಚಕ್ರದ ಕೆಳಗಿನ ಎಲೆ ಕೆದರಿ ಗೋಣಿಚೀಲ ಹಾಕಿದೆವು. ಗಾಡಿ ಎದ್ದಿತು. ನಾನು ಸಿಲಿಂಡರಿನ ಮೇಲೆ ಕಾಲಿಟ್ಟುಕೊಂಡು ಮಾಸ್ತಿಕಟ್ಟೆವರೆಗೆ ಬಂದೆ. ಇಬ್ಬರೂ ಮಾತಾಡಲಿಲ್ಲ.

ಮಾರನೇ ದಿನ ಮತ್ತೆ ಟ್ಯಾಂಕು ತುಂಬಿಸಿ, ಎಲ್ಲ ಸಾಮಾನು ಅದರದರ ಜಾಗದಲ್ಲಿ ಇಟ್ಟು ಎರಡನೇ ಚೀಟಿ ತೆಗೆದೆವು. ಒಟ್ಟು 2,460. ಮುಂದೆ 1,070, ಹಿಂದೆ 1,390. ನೋಡಿ, 530 ಕೆಜಿ ಸೇರಿಸಿದ್ದೇವೆ, ಮುಂದಿನ ಚಕ್ರಕ್ಕೆ ಅದರಲ್ಲಿ ಒಂದು ಕೆಜಿಯೂ ಹೋಗಿಲ್ಲ. ಇದ್ದದ್ದರಲ್ಲೇ 10 ಕಡಿಮೆಯಾಗಿದೆ. ಹಿಂದಿನ ಆಕ್ಸಲಿಗಿಂತ ಹಿಂದಕ್ಕೆ ಇಟ್ಟ ಭಾರ ಏತದ ಹಾಗೆ. ಹಿಂದೆ ಒತ್ತಿದರೆ ಮುಂದೆ ಎತ್ತುತ್ತದೆ. ಆಕ್ಸಲಿನಿಂದ 80 ಸೆಂಟಿಮೀಟರ್ ಹಿಂದೆ 200 ಕೆಜಿ ಇಟ್ಟರೆ, 3.2 ಮೀಟರ್ ವೀಲ್‌ಬೇಸಿನ ಗಾಡಿಯಲ್ಲಿ ಮುಂದಿನ ಚಕ್ರದಿಂದ 50 ಕೆಜಿ ಎತ್ತಿದ ಹಾಗೆ. ಡಿಪ್ಲೊಮಾದಲ್ಲಿ ಓದಿದ್ದೇ ಇದು. ಓದಿದ್ದು ನೆನಪಾಗಲು ಘಾಟಿ ಬೇಕಾಯಿತು.

ಬಿಚ್ಚಲು ಅರ್ಧ ದಿನ ಸಾಕಾಯಿತು. ಇವರು ಒಂದೊಂದೇ ಹಲಗೆ ಹೊರಗೆ ತಂದು ಕೊಟ್ಟಿಗೆಯ ಗೋಡೆಗೆ ಒರಗಿಸುತ್ತಿದ್ದರು. ನಾನು ಪ್ರತಿಯೊಂದನ್ನೂ ಮನೆಯ ತಕ್ಕಡಿಗೆ ಹಾಕಿ ಬರೆದುಕೊಂಡೆ. ಎಂಟಡಿ ನಾಲ್ಕಡಿಯ 18 ಮಿಲಿಮೀಟರ್ ಹಾಳೆ ಒಂದಕ್ಕೆ ಸುಮಾರು 36 ಕೆಜಿ. 9 ಮಿಲಿಮೀಟರ್ ಆದರೆ ಅರ್ಧ. ಬಡಗಿಗೆ ಬೇಜಾರಾಗಬಾರದೆಂದು ಆ ಪ್ಲೈವುಡ್ಡಿನಲ್ಲಿ ಮನೆಗೊಂದು ಪುಸ್ತಕದ ಕಪಾಟು ಮಾಡಿಸಿದೆವು.

ಎರಡನೇ ಮಂಚಕ್ಕೆ ಕಿಟಕಿ ಮಾಡುವ ಅಲ್ಯೂಮಿನಿಯಂ ಅಂಗಡಿಗೆ ಹೋದೆವು. ಚೌಕ ಪೈಪಿನ ಚೌಕಟ್ಟು, ಮೂಲೆಗೆ ತ್ರಿಕೋನ ಪಟ್ಟಿ ಕೊಟ್ಟು ರಿವೆಟ್. ಕಾಲುಗಳು ಕೂತಿದ್ದು ಹಳೇ ಸೀಟಿನ ಬೋಲ್ಟಿನ ಜಾಗಕ್ಕೇ. ಪ್ರಯಾಣಿಕರನ್ನು ಹಿಡಿದಿಡಲು ಮಾಡಿದ ಜಾಗ ಅದು, ವ್ಯಾನಿನಲ್ಲಿ ಅದಕ್ಕಿಂತ ಗಟ್ಟಿ ಜಾಗ ಇಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕೆ ತಾಗುವ ಕಡೆ ರಬ್ಬರ್ ವಾಷರ್ ಹಾಕಿ, ಇಲ್ಲದಿದ್ದರೆ ತೇವಕ್ಕೆ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಮೇಲೆ 9 ಮಿಲಿಮೀಟರ್ ಪ್ಲೈಯನ್ನು ಪಟ್ಟಿ ಪಟ್ಟಿ ಕತ್ತರಿಸಿ ಎರಡೆರಡು ಬೆರಳು ಸಂದು ಬಿಟ್ಟು ಕೂರಿಸಿದೆವು, ಹಾಸಿಗೆ ಕೆಳಗಿನಿಂದ ಉಸಿರಾಡಲಿ ಎಂದು. ಮಂಚ ಉದ್ದಕ್ಕೇ ಇದೆ. ಅಡ್ಡ ಹಾಕಿದರೆ ಜಾಗ ಉಳಿಯುತ್ತಿತ್ತು, ಆದರೆ ಇವರ ಎತ್ತರ ಐದು ಅಡಿ ಒಂಬತ್ತು ಇಂಚು, ರಾತ್ರಿ ಪೂರ್ತಿ ಮಂಡಿ ಮಡಚಿಕೊಂಡು ಮಲಗಬೇಕಾಗುತ್ತಿತ್ತು. ಡ್ರಾಯರ್ ಒಂದೇ ಉಳಿಯಿತು. ಉಳಿದ ಕಡೆ ಬಟ್ಟೆ ಚೀಲ, ನೈಲಾನ್ ಬಲೆ.

ನೀರಿನ ಟ್ಯಾಂಕು ಹೋಯಿತು. 20 ಲೀಟರಿನ ಎರಡು ಕ್ಯಾನು ಸಾಕು, ಎರಡನೇ ಸಾಲಿನ ಸೀಟಿನ ಪಕ್ಕ, ಪಟ್ಟಿ ಬಿಗಿದು. ಬ್ಯಾಟರಿ ಆ ಸೀಟಿನ ಕೆಳಗೆ. ಸಿಂಕು ಅಂದರೆ ಒಂದು ಸ್ಟೀಲ್ ಬೋಗುಣಿಗೆ ತೂತು ಮಾಡಿ ಪೈಪು ಕೊಟ್ಟದ್ದು, ನೀರಿಗೆ ಕಾಲಲ್ಲಿ ಒತ್ತುವ ಪಂಪು. ಪಾತ್ರೆ ತೊಳೆದ ನೀರು ಕೆಳಗಿನ ಕ್ಯಾನಿಗೆ ಬೀಳುತ್ತದೆ, ರಸ್ತೆಗೆ ಅಲ್ಲ.

ವೈರಿಂಗ್ ನನ್ನ ರಾಜ್ಯ. ದಿನದ ಖರ್ಚು ಲೆಕ್ಕ ಹಾಕಿದೆ. 28 ವಾಟಿನ ಡಿಸಿ ಫ್ಯಾನ್ ಎರಡು, ರಾತ್ರಿ 8 ಗಂಟೆ, 448 ವಾಟ್-ಅವರ್. ಕಿಟಕಿ ಫ್ಯಾನು 80. ದೀಪಕ್ಕೆ 50. ಫೋನು, ಲ್ಯಾಪ್‌ಟಾಪಿಗೆ 150. ಒಟ್ಟು 730ರ ಹತ್ತಿರ. 12.8 ವೋಲ್ಟ್ 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ. ಒಂದೂವರೆ ದಿನ ಆರಾಮ. ಇಷ್ಟೇ ಬಳಕೆಗೆ ಲೆಡ್ ಆಸಿಡ್ ಹಾಕಿದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ, ತೂಕ ನಾಲ್ಕು ಪಟ್ಟು. ಚಾರ್ಜಿಗೆ ಕ್ಯಾರಿಯರ್ ಮೇಲೆ 100 ವಾಟಿನ ಎರಡು ಸೋಲಾರ್ ಪ್ಯಾನೆಲ್. ಆದರೆ ಜುಲೈನಲ್ಲಿ ಮಲೆನಾಡಿನ ಆಕಾಶ ನಂಬಿ ಕೂತರೆ ಫ್ಯಾನ್ ತಿರುಗುವುದಿಲ್ಲ. ಅದಕ್ಕೆ ಇಂಜಿನ್ ಓಡುವಾಗ ಕರೆಂಟು ಕೊಡುವ ಗಾಡಿಯ ಆಲ್ಟರ್ನೇಟರಿನಿಂದ ಬರುವ 20 ಆಂಪಿಯರ್ ಡಿಸಿ-ಡಿಸಿ ಚಾರ್ಜರ್. ಮೂರು ಗಂಟೆ ಓಡಿಸಿದರೆ ಒಂದು ದಿನದ ಕರೆಂಟು ಬಂದ ಹಾಗೆ.

12 ವೋಲ್ಟಿನಲ್ಲಿ ವೈರ್ ದಪ್ಪ ಬಹಳ ಮುಖ್ಯ. 100 ವಾಟಿಗೆ ಮನೆಯಲ್ಲಿ ಅರ್ಧ ಆಂಪಿಯರ್ ಸಾಕು, ಇಲ್ಲಿ 8 ಬೇಕು. 2.5 ಸ್ಕ್ವೇರ್ ಎಂಎಂ ವೈರಿನಲ್ಲಿ ಐದು ಮೀಟರ್ ಹೋಗಿ ಐದು ಮೀಟರ್ ವಾಪಸ್ ಬರುವಷ್ಟರಲ್ಲಿ 0.6 ವೋಲ್ಟ್ ತಿಂದು ಹಾಕುತ್ತದೆ. ಫ್ಯೂಸು ಬ್ಯಾಟರಿಯ ಬಾಯಲ್ಲೇ ಇರಬೇಕು, ಆ ತುದಿಯಲ್ಲಿ ಅಲ್ಲ. ಇಷ್ಟೆಲ್ಲ ಹೇಳುವ ನಾನೇ ಮಾಡಿದ ತಪ್ಪು: ಬ್ಯಾಟರಿಯ ದಪ್ಪ ವೈರಿಗೆ ಲಗ್ಗನ್ನು (ವೈರಿನ ತುದಿಗೆ ಹಾಕುವ ಲೋಹದ ಬಳೆ) ಇಕ್ಕಳದಲ್ಲಿ ಒತ್ತಿ ಕೂರಿಸಿದ್ದೆ. ಹತ್ತು ವರ್ಷದ ಸರ್ವಿಸಿನ ಸೊಕ್ಕು. ಮೂರನೇ ದಿನ ಸುಟ್ಟ ಪ್ಲಾಸ್ಟಿಕ್ ವಾಸನೆ. ಮುಟ್ಟಿದರೆ ಲಗ್ಗು ಬೆರಳು ಸುಡುವಷ್ಟು ಕಾದಿತ್ತು. ಹಳೇ ಅಂಗಡಿಗೆ ಹೋಗಿ ಹೈಡ್ರಾಲಿಕ್ ಕ್ರಿಂಪರ್ ತಂದು ಎಲ್ಲವನ್ನೂ ಮತ್ತೆ ಒತ್ತಿದೆ. ಇವರು ಏನೂ ಅನ್ನಲಿಲ್ಲ, ಪುಣ್ಯ. ಮಂಚದ ವಿಷಯದಲ್ಲಿ ನಾನೂ ಏನೂ ಅಂದಿರಲಿಲ್ಲ.

ಫ್ರಿಜ್ಜು ಬೇಕೆಂದು ಇವರು, ಬೇಡವೆಂದು ನಾನು. ಕರ್ನಾಟಕದ ರಸ್ತೆಯಲ್ಲಿ ಎಲ್ಲಿ ನಿಂತರೂ ನಂದಿನಿ ಹಾಲಿನ ಬೂತು ಒಂದು ಸಿಗುತ್ತದೆ, ಬೆಳಿಗ್ಗೆ ಇಡ್ಲಿ ಮಾಡುವ ಹೋಟೆಲು ಸಿಗುತ್ತದೆ. ಮೊಸರಿಗಾಗಿ ಇನ್ನೊಂದು ಬ್ಯಾಟರಿ ಹೊರುವುದು ಯಾಕೆ? ಗೆದ್ದೆ. ಶೌಚಾಲಯದಲ್ಲಿ ಮಾತ್ರ ರಾಜಿ ಇಲ್ಲ ಎಂದಿದ್ದೆ. ಗಂಡಸರಿಗೆ ರಸ್ತೆ ಬದಿ ಇದೆ, ನಮಗಿಲ್ಲ. ಕೆಳಗಿನ ಟ್ಯಾಂಕು ಬೇರೆಯಾಗುವ ಪೋರ್ಟಬಲ್ ಟಾಯ್ಲೆಟ್ ಒಂದು, ಅದಕ್ಕೊಂದು ಪರದೆ. ರಾತ್ರಿಗೆ, ತುರ್ತಿಗೆ ಮಾತ್ರ. ಅದನ್ನು ಖಾಲಿ ಮಾಡುವುದು ಸರಿಯಾದ ಶೌಚಾಲಯದಲ್ಲೇ, ಹಳ್ಳಕ್ಕೆ ಅಲ್ಲ.

ಅಡುಗೆ ವ್ಯಾನಿನ ಒಳಗೆ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ನಾವು ಮಲಗುವುದೂ ಅದೇ ಮಟ್ಟದಲ್ಲಿ. ಹಿಂಬಾಗಿಲು ತೆರೆದು, ಹೊರಗೆ ಮಡಚುವ ಮೇಜು ಹಾಕಿ, 5 ಕೆಜಿ ಸಿಲಿಂಡರ್ ನೆಲದ ಮೇಲೆ ಇಟ್ಟು ಒಲೆ. ಹೊರಡುವ ಮೊದಲು ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕುವುದು ಇವರ ಕೆಲಸ, ಮತ್ತೆ ನೋಡುವುದು ನನ್ನ ಕೆಲಸ. ಗಾಳಿಗೆ ಒಲೆ ಆರದ ಹಾಗೆ ಎಣ್ಣೆ ಡಬ್ಬ ಕತ್ತರಿಸಿ ತಗಡಿನ ಮರೆ ಮಾಡಿದ್ದೇವೆ. ಇಡೀ ವ್ಯಾನಿನಲ್ಲಿ ಖರ್ಚಿಲ್ಲದೆ ಆದ, ಒಂದು ದಿನವೂ ಕೈಕೊಡದ ವಸ್ತು ಅದೊಂದೇ.

ಆಗಸ್ಟಿನ ಚೀಟಿ: ಒಟ್ಟು 2,270. ಮುಂದೆ 1,170, ಹಿಂದೆ 1,100. ಗಿರಣಿ ಹುಡುಗ ನಮ್ಮನ್ನು ನೋಡಿ ತಾನೇ ಹೇಳಿದ, "ಮೇಡಂ, ಮೊದಲು ಮುಂದಿನ ಚಕ್ರ ಅಲ್ವಾ?" ಮಾರನೇ ವಾರ ಬೇಕೆಂದೇ ಬಾಳೆಬರೆಗೆ ಹೋದೆವು. ಮಳೆ ಜೂನಿಗಿಂತ ಜಾಸ್ತಿ ಇತ್ತು. ಅದೇ ತಿರುವಿನಲ್ಲಿ ನಿಲ್ಲಿಸಿ ಎತ್ತಿದರು. ಚಕ್ರ ಒಂದು ಸಲ ಕಿರ್ರ್ ಎಂದಿತು, ಹಿಡಿಯಿತು, ಹೊರಟಿತು.

ಗಾಡಿ ಬಿಟ್ಟು ಕೆಲಸಕ್ಕೆ ಆದ ಖರ್ಚು 2,65,000. ಬಿಚ್ಚಿ ಬಿಸಾಕಿದ ಮೊದಲ ಮಂಚವೂ ಸೇರಿ. ಬಾಕಿ ಕೆಲಸ ಇನ್ನೂ ಇದೆ. ಆ ಒಂದೇ ಡ್ರಾಯರ್ ಪ್ರತಿ ಬಲ ತಿರುವಿಗೂ ತೆರೆದುಕೊಳ್ಳುತ್ತದೆ, ಈಗ ಸೈಕಲ್ ಟ್ಯೂಬಿನಲ್ಲಿ ಕಟ್ಟಿದ್ದೇವೆ. ಹಿಂದಿನ ಪಟ್ಟಿಯಲ್ಲಿ ಎಲ್ಲೋ ಕಿರುಗುಟ್ಟುತ್ತದೆ, ಸಿಕ್ಕಿಲ್ಲ.

ಮೊನ್ನೆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಎರಡು ಗಂಟೆ ಬರಲಿಲ್ಲ. ಮನೆಯ ಇನ್ವರ್ಟರೂ ಸೋತಿತು. ನೋಡಿದರೆ ಅತ್ತೆ ದಿಂಬು ಹಿಡಿದುಕೊಂಡು ಅಂಗಳಕ್ಕೆ ಹೊರಟಿದ್ದಾರೆ. "ನಿಮ್ಮ ವ್ಯಾನಿನ ಫ್ಯಾನ್ ತಿರುಗುತ್ತೇನೇ?" ಸಂಜೆ ಐದಕ್ಕೆ ಎದ್ದು ಬಂದು, ನಿದ್ದೆ ಚೆನ್ನಾಗಿ ಬಂತು ಅಂದರು, ಹತ್ತುವಾಗ ಮಂಡಿ ನೋಯುತ್ತದೆ, ಒಂದು ಮೆಟ್ಟಿಲು ಬೇಕು ಅಂದರು. ಉಳಿದಿದ್ದ 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಇವರು ಅವತ್ತೇ ಒಂದು ಮೆಟ್ಟಿಲು ಮಾಡಿದರು. ಐದು ಕೆಜಿ ಇದೆ. ಪ್ರವಾಸ ಹೊರಡುವಾಗ ಅದನ್ನು ಅಂಗಳದಲ್ಲೇ ಬಿಟ್ಟು ಹೋಗುತ್ತೇವೆ.